ನಲವತ್ತು ದಿನದ ಚಿತ್ರ

ಹ್ಯಾರೋ ಫರ್ನೇಸ್, ಒಹಾಯೊ
ಫೆಬ್ರುವರಿ 11, 2014

ಗ್ವೆನ್ ಪ್ರಾಸರ್‌ಗೆ,

ನನ್ನ ಅಕ್ಷರ ಕಂಡ ಕೂಡಲೇ ನೀನು ಈ ಕಾಗದವನ್ನು ಹರಿದು ಹಾಕಬಹುದು. ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಬರೆದುಬಿಡುತ್ತೇನೆ. ಕ್ರ್ಯಾಂಡಲ್ ಮ್ಯೂಸಿಯಂನ ಟ್ರಸ್ಟಿಗಳು ಚಿತ್ರಗಳನ್ನು ಮಾರಲು ಹೊರಟಿದ್ದಾರೆ. ‘ಮಧ್ಯಾಹ್ನದ ಪಾಳಿ’ ಮೊದಲು ಹೋಗುತ್ತದಂತೆ. ನಮ್ಮ ಅಪ್ಪಂದಿರು ಬೆವರು ಸುರಿಸಿದ ಕುಲುಮೆಯನ್ನು ಎದುರಿಗೆ ನಿಂತು ನೋಡಿ ಬರೆದ ಒಂದೇ ಒಂದು ಚಿತ್ರ ಅದು. ಟೆಕ್ಸಸ್‌ನ ಯಾರೋ ಅದನ್ನು ತಮ್ಮ ಊಟದ ಕೋಣೆಗೆ ಕೇಳಿದ್ದಾರೆ. ಉಳಿದವು ಅದರ ಹಿಂದೆ. ಆಮೇಲೆ ಕಟ್ಟಡಕ್ಕೆ ಬೀಗ.

ಕಾರ್ಖಾನೆ ಹೋಯಿತು, ರೈಲು ಹೋಯಿತು, ಎರಡು ಶಾಲೆಗಳು ಹೋದವು. ನಮ್ಮ ಚರ್ಚು ಈಗ ಟೈರು ತುಂಬುವ ಗೋದಾಮು. ಉಳಿದಿರುವುದು ಇದೊಂದೇ.

ನೀನು ಮರೆತಿರಲಾರೆ, ಆದರೂ ನೆನಪಿಸುತ್ತೇನೆ. ಮೂವತ್ತಾರು ವರ್ಷ ಇತಿಹಾಸದ ಟೀಚರಾಗಿದ್ದವಳ ಚಟ. 1919ರಲ್ಲಿ ಆಲ್ಡೆನ್ ಕ್ರ್ಯಾಂಡಲ್ ಆ ಕಟ್ಟಡ ಎಬ್ಬಿಸಿದಾಗ ಅವನ ಜೊತೆಯ ಕುಲುಮೆ ಮಾಲೀಕರೆಲ್ಲ ಪ್ಯಾರಿಸ್ಸಿನಿಂದ ಚಿತ್ರ ತರಿಸುತ್ತಿದ್ದರು. ಇವನೊಬ್ಬ ಅಮೆರಿಕದ ಚಿತ್ರಕಾರರದ್ದನ್ನು ಮಾತ್ರ ಕೊಂಡು ನಗೆಪಾಟಲಾದ. ಅದೇ ವರ್ಷ ಜ್ವರದಲ್ಲಿ ಅವನ ಮಗ ತೀರಿಕೊಂಡ. ಖಾಲಿ ಹಾಸಿಗೆಯ ಎದುರಿಗೆ ಒಂದು ಚಿತ್ರ ತೂಗುಹಾಕಿ ನಲವತ್ತು ದಿನ ಅದನ್ನೇ ನೋಡುತ್ತ ಕುಳಿತನಂತೆ. ಸತ್ತವರು ನಲವತ್ತು ದಿನ ಮನೆಯ ಸುತ್ತಲೇ ಇರುತ್ತಾರೆ ಎಂದು ಅವನಿಗೆ ಹೇಳಿದವಳು ಅವನ ಅಡುಗೆಯವಳು, ನಮ್ಮ ಸ್ಲೊವಾಕ್ ಹೆಂಗಸು. ಆಮೇಲೆ ಅವನು ದಾನಪತ್ರದಲ್ಲಿ ಬರೆಸಿದ: ಈ ಊರಿನ ಯಾವ ಮನೆಯಲ್ಲಿ ಸಾವಾದರೂ ಆ ಮನೆಯವರು ಕೇಳಿದ ಚಿತ್ರವನ್ನು ನಲವತ್ತು ದಿನ ಕೊಡತಕ್ಕದ್ದು. ಈ ಪದ್ಧತಿ ನಡೆಯುವವರೆಗೆ ಒಂದು ಚಿತ್ರವನ್ನೂ ಮಾರಕೂಡದು. ಮ್ಯೂಸಿಯಂನವರ ಕೈಯಲ್ಲೇ ಚಿತ್ರ ಹಾಳಾದರೆ ಮಾತ್ರ ಪದ್ಧತಿಯನ್ನು ನಿಲ್ಲಿಸಬಹುದು. ದುಃಖದ ಮನೆಯಲ್ಲಿ ಅದಕ್ಕೆ ಏನೇ ಆದರೂ ಹಾನಿಯೆಂದು ಎಣಿಸಕೂಡದು.

ಟ್ರಸ್ಟಿಗಳ ವಾದ ಇಷ್ಟೇ. 1983ರ ಮಾರ್ಚಿನಲ್ಲಿ ‘ಹೆಪ್ಪುಗಟ್ಟಿದ ಹೊಳೆ’ ಎಂಬ ಚಿಕ್ಕ ಚಿತ್ರವನ್ನು ಒಂದು ಮನೆಯಿಂದ ವಾಪಸು ತರುವಾಗ ಉಸ್ತುವಾರಿ ಗ್ವೆನ್ ಪ್ರಾಸರ್ ತನ್ನ ಅಜಾಗರೂಕತೆಯಿಂದ ಹಾಳು ಮಾಡಿದಳು. ಹಾಗಾಗಿ ಪದ್ಧತಿ ನಿಂತಿತು. ಹಾಗಾಗಿ ಮಾರಬಹುದು.

ಆ ಮನೆ ನಮ್ಮದು. ಸತ್ತವನು ನನ್ನ ತಮ್ಮ ಆಂಡಿ. ಆಗ ನಾನು ಪತ್ರಿಕೆಗೆ ಬರೆದ ಕಾಗದ ನಿನಗೆ ನೆನಪಿರಬೇಕು. ಅದರ ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ. ಆದರೆ ಹೋದ ತಿಂಗಳು ಓಟಿಸ್ ಟಾಲಿವರ್ ಹೋದ. ನಿನ್ನ ವ್ಯಾನು ಓಡಿಸುತ್ತಿದ್ದ ಓಟಿಸ್. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ: “ಅವತ್ತು ವ್ಯಾನು ಬೆಣ್ಣೆ ಮೇಲೆ ಹೋದಂಗೆ ಹೋಯ್ತು ಟೀಚರ್. ಮಿಸ್ ಗ್ವೆನ್ ಕೈ ಜಾರಲೇ ಇಲ್ಲ. ಜಾಸ್ತಿ ಕೇಳ್ಬೇಡಿ, ಅವರನ್ನೇ ಕೇಳಿ.”

ಕೇಳುತ್ತಿದ್ದೇನೆ. ವಿಚಾರಣೆ ಸೆಪ್ಟೆಂಬರಿನಲ್ಲಿ.

ವರ್ನಾ ಹುಡಾಕ್

*

ಟೂಸಾನ್, ಅರಿಜೋನಾ
ಮಾರ್ಚ್ 4, 2014

ವರ್ನಾ,

ಹರಿಯಲಿಲ್ಲ. ಎರಡು ಸಲ ಓದಿದೆ. ಓಟಿಸ್ ಹೋದ ಸುದ್ದಿ ನಿನ್ನಿಂದಲೇ ಗೊತ್ತಾಯಿತು.

ಅವನು ಒಳ್ಳೆಯವನು. ನನ್ನ ಮೇಲಿನ ಪ್ರೀತಿಗೆ ಹಾಗೆ ಹೇಳಿರುತ್ತಾನೆ. ಸಾವಿನ ಮನೆಗಳ ರಿಜಿಸ್ಟರು ನನ್ನ ಹತ್ತಿರವೇ ಇದೆ, ಬರುವಾಗ ಕದ್ದು ತಂದೆ. ಅದರಲ್ಲಿ ನನ್ನ ಕೈಯಲ್ಲೇ ಬರೆದಿದೆ: ವಾಪಸು ತರುವಾಗ ನನ್ನ ತಪ್ಪಿನಿಂದ ಕೆಟ್ಟಿತು ಎಂದು. ಅಷ್ಟೇ ನಡೆದದ್ದು.

ಚಿತ್ರಗಳು ಹೋಗಲಿ ಬಿಡು. ನಮಗಿಬ್ಬರಿಗೂ ಎಪ್ಪತ್ತಾರು. ನನಗೆ ಈಗ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದಾರೆ. ಅಡುಗೆಮನೆಗೆ ಹೋಗಿಬರುವಷ್ಟು ಉದ್ದದ್ದು. ತಂಗಿಯ ಮಗಳು ಕ್ಯಾರಿಸ್ ಜೊತೆಗಿದ್ದು ನೋಡಿಕೊಳ್ಳುತ್ತಾಳೆ. ಇಲ್ಲಿ ಹೊಳೆಯೆಂದರೆ ಬರೀ ಮರಳು. ನನಗದು ಹಿತವಾಗಿದೆ.

ನಿಮ್ಮಮ್ಮನ ಸಮಾಧಿಗೆ ಹೋದಾಗ ನನ್ನದೂ ಒಂದು ಹೂ ಇಡು.

ಗ್ವೆನ್

*

ಹ್ಯಾರೋ ಫರ್ನೇಸ್
ಮಾರ್ಚ್ 12, 2014

ಗ್ವೆನ್,

ಹೂ ನೀನೇ ತಂದು ಇಡಬಹುದಿತ್ತು. 1991ರಲ್ಲಿ ಅಮ್ಮ ಸತ್ತಾಗ ನೀನು ಬರಲಿಲ್ಲ. ಒಂದು ಕಾರ್ಡೂ ಇಲ್ಲ. ಒಂಬತ್ತು ವರ್ಷದವಳಿದ್ದಾಗಿನಿಂದ ಆಕೆಯ ಕೈಯ ಎಲೆಕೋಸು ನೂಡಲ್ಸ್ ತಿಂದು ಬೆಳೆದವಳು ನೀನು.

‘ಚಿತ್ರಗಳು ಹೋಗಲಿ ಬಿಡು’ ಎನ್ನುತ್ತೀಯ. ಯಾರ ಚಿತ್ರಗಳು? ಕ್ರ್ಯಾಂಡಲ್ ಬಾಗಿಲ ಮೇಲೆ ‘ಅಮೆರಿಕದ ಕಲೆಗಾಗಿ’ ಎಂದು ಕಲ್ಲಿನಲ್ಲಿ ಕೆತ್ತಿಸಿದ ವರ್ಷವೇ ಅವನ ಮೇಸ್ತ್ರಿಗಳು ನನ್ನ ತಾತನನ್ನು ‘ಏ ಹಂಕಿ’ ಎಂದು ಹೀಯಾಳಿಸಿ ಕೂಗುತ್ತಿದ್ದರು. ನಾವು ಅಮೆರಿಕದವರೆಂದು ಅವರಿಗೆ ಅನ್ನಿಸಿರಲಿಲ್ಲ. ಓಟಿಸ್‌ನ ಅಪ್ಪ ಕಪ್ಪು ಮನುಷ್ಯ, ಅವನನ್ನು ಕೂಗುತ್ತಿದ್ದ ಹೆಸರನ್ನು ನಾನು ಬರೆಯುವುದೇ ಇಲ್ಲ. ಆದರೆ ಮನೆಯಲ್ಲಿ ಹೆಣ ಎದ್ದ ದಿನ ಅದೇ ಮ್ಯೂಸಿಯಂನ ವ್ಯಾನು ನಮ್ಮ ಬೀದಿಗೆ ಬರುತ್ತಿತ್ತು. ಬಿಳಿ ಕೈಗವಸು ತೊಟ್ಟವರು ಇಳಿದು, ಟೋಪಿ ತೆಗೆದು, ‘ಯಾವುದು ಬೇಕಮ್ಮ?’ ಎಂದು ಕೇಳುತ್ತಿದ್ದರು. ಯಾಕೆ ಅದೇ ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಅಮೆರಿಕದ ಕಲೆ ಅಮೆರಿಕದ ಜನರ ಗೋಡೆಗೆ ಬಂದದ್ದು ಹಾಗೆ. ಆ ಮೊಳೆಗಳು ಇನ್ನೂ ಇವೆ. ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಊಟದ ಮೇಜಿನ ಎದುರಿಗೆ ಒಂದು ಖಾಲಿ ಮೊಳೆ.

ಅಮ್ಮ ‘ಮಧ್ಯಾಹ್ನದ ಪಾಳಿ’ ಕೇಳುತ್ತಾಳೆಂದು ನಾನು ತಿಳಿದಿದ್ದೆ. ಆಂಡಿ ಹನ್ನೆರಡು ವರ್ಷ ದುಡಿದ ಜಾಗ ಅದರಲ್ಲಿದೆ. ಅಮ್ಮ ಕೇಳಿದ್ದು ಮಾತ್ರ ಆ ಅಂಗೈಯಗಲದ ಹೊಳೆಯನ್ನು. ಮಂಜುಗಟ್ಟಿದ ಹೊಳೆ, ಎರಡು ದಡ, ನಡುವೆ ಬೆನ್ನು ತೋರಿಸಿ ನಡೆದುಹೋಗುತ್ತಿರುವ ಒಬ್ಬ ಮನುಷ್ಯ. ಕಾರ್ಖಾನೆ ಮುಚ್ಚಿದ ನಾಲ್ಕನೆಯ ಚಳಿಗಾಲದಲ್ಲಿ ನಮ್ಮ ಆಂಡಿ ಹೊಳೆಯ ಕಡೆ ಹೋದವನು ಹಿಂದಿರುಗಲಿಲ್ಲ. ಮಂಜುಗಡ್ಡೆ ಒಡೆಯಿತು ಎಂದು ಎಲ್ಲರೂ ಹೇಳಿದರು. ನಾವೂ ಹಾಗೇ ಹೇಳಿದೆವು. ‘ಆ ಭುಜ ನೋಡು, ನಮ್ಮ ಹುಡುಗಂದೇ’ ಎಂದು ಅಮ್ಮ ನಲವತ್ತು ದಿನ ಆ ಚಿತ್ರದ ಎದುರಿಗೆ ಒಂದು ತಟ್ಟೆ ಇಟ್ಟಳು. ನಲವತ್ತನೆಯ ದಿನ ನಾನು ಊರಲ್ಲಿರಲಿಲ್ಲ. ಕೊಲಂಬಸ್‌ನ ಶಿಕ್ಷಕರ ಸಭೆಯಲ್ಲಿ ಕಾರ್ಖಾನೆ ಮುಚ್ಚಿದವರ ವಿರುದ್ಧ ಭಾಷಣ ಮಾಡುತ್ತಿದ್ದೆ. ಚಪ್ಪಾಳೆ ಜೋರಾಗಿತ್ತು. ಬಂದು ನೋಡಿದರೆ ಚಿತ್ರ ಹಾಳಾಗಿದೆ, ನೀನು ತಪ್ಪೊಪ್ಪಿಕೊಂಡಿದ್ದೀಯ, ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ.

ಕೈ ಜಾರಿರದಿದ್ದರೆ ಜಾರಿತೆಂದು ಯಾಕೆ ಬರೆದೆ? ಯಾವ ಟ್ರಸ್ಟಿ ಬರೆಸಿದ? ಅರಿಜೋನಾದ ಮನೆಯನ್ನು ಯಾರು ಕೊಡಿಸಿದರು? ಇದನ್ನು ಕೋರ್ಟಿನಲ್ಲೂ ಕೇಳುತ್ತೇನೆ.

ವರ್ನಾ

*

ಟೂಸಾನ್
ಮೇ 30, 2014

ವರ್ನಾ,

ಎರಡು ತಿಂಗಳು ಯೋಚಿಸಿದೆ. ನಡುವೆ ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಅಲ್ಲೂ ಅದನ್ನೇ ಯೋಚಿಸಿದೆ. ನಾನು ಒಬ್ಬರಿಗೆ ಆಣೆ ಮಾಡಿದ್ದೆ. ಅವರಿಲ್ಲ, ನಾನೂ ಹೆಚ್ಚು ದಿನ ಇರುವುದಿಲ್ಲ. ಟ್ರಸ್ಟಿಯಿಂದ ಲಂಚ ತಿಂದವಳೆಂದು ನೀನು ತಿಳಿದುಕೊಂಡಿರುವಾಗ ಸಾಯುವುದು ನನಗೆ ಇಷ್ಟವಿಲ್ಲ. ಇದು ನನ್ನ ಸ್ವಾರ್ಥ.

ಅವತ್ತು ಬೆಳಿಗ್ಗೆ ಹತ್ತಕ್ಕೆ ನಾನೂ ಓಟಿಸ್‌ನೂ ನಿಮ್ಮ ಮನೆಗೆ ಹೋದೆವು. ಅಡುಗೆಮನೆಯ ನೆಲ ಇನ್ನೂ ಒದ್ದೆಯಿತ್ತು. ಪರದೆಗಳು ತಂತಿಯ ಮೇಲಿದ್ದವು. ಮಸಿ ಬೀಳುವುದು ನಿಂತು ನಾಲ್ಕು ವರ್ಷವಾಗಿದ್ದರೂ ನಿಮ್ಮಮ್ಮ ಪ್ರತಿ ವಾರ ಪರದೆ ಒಗೆಯುತ್ತಿದ್ದರಲ್ಲ. ಚಿತ್ರ ಮೇಜಿನ ಮೇಲೆ ಕಸೂತಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು.

“ಬಾ ಗ್ವೆನ್, ಕೂತ್ಕೋ. ಕಾಫಿ ಕುಡಿದು ಹೋಗು. ಓಟಿಸ್, ನೀನೂ ಒಳಗ್ ಬಾರಪ್ಪ, ಬಾಗಿಲಲ್ಲಿ ನಿಂತ್ಕೊಂಡು ಚಳಿ ಒಳಗೆ ಬಿಡ್ಬೇಡ” ಎಂದರು. ಮುಖ ಗೆಲುವಾಗಿತ್ತು. ಮಗ ಹೋದ ಮೇಲೆ ನಾನು ಅವರನ್ನು ಹಾಗೆ ನೋಡಿರಲಿಲ್ಲ. “ನೋಡಮ್ಮ, ಎರವಲು ತಂದಿದ್ದನ್ನ ಕೊಳೆ ಮಾಡಿ ಕೊಡಬಾರದು ಅಂತ ಚೆನ್ನಾಗಿ ತೊಳೆದಿದೀನಿ. ಎಷ್ಟು ಮಸಿ ಅಂತೀಯ! ನೀರು ಕಪ್ಪಗೆ ಬಂತು. ನಿಮ್ಮ ಮ್ಯೂಸಿಯಂನಲ್ಲಿ ಯಾರೂ ಒರೆಸೋದಿಲ್ವಾ?”

ನಾನು ಬಟ್ಟೆ ಬಿಚ್ಚಿದೆ. ವರ್ನಾ, ಆ ಹೊಳೆ ಅಷ್ಟು ಚೆಂದ ಎಂದೂ ಇರಲಿಲ್ಲ. ಅಷ್ಟು ವರ್ಷದ ಹಳದಿ ಕಳೆದು ಮಂಜು ನೀಲಿಯಾಗಿ ಹೊಳೆಯುತ್ತಿತ್ತು. ಮನುಷ್ಯ ಇರಲಿಲ್ಲ. ಚಿತ್ರಕಾರ ಅವನನ್ನು ಎಲ್ಲ ಒಣಗಿದ ಮೇಲೆ, ವಾರ್ನಿಷಿನ ಮೇಲೆ ಕೊನೆಗೆ ಸೇರಿಸಿದ್ದ. ಬಟ್ಟೆ ಒಗೆಯುವ ಸೋಡಾ ಹಾಕಿದ ಬಿಸಿನೀರಿಗೆ ವಾರ್ನಿಷಿನ ಜೊತೆ ಅವನೂ ಬಂದುಬಿಟ್ಟಿದ್ದ.

ನಿಮ್ಮಮ್ಮ ಏಪ್ರನ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. “ಅವನೆಲ್ಲಿ?” ಎಂದರು. ಎದ್ದುಹೋಗಿ ಸಿಂಕಿನ ತೂತಿನೊಳಗೆ ಬೆರಳಿಟ್ಟು ಹುಡುಕಿದರು. ಆಮೇಲೆ ಬಕೆಟ್ಟಿನಲ್ಲಿ. ಓಟಿಸ್ ಹೊರಗೆ ಹೋಗಿಬಿಟ್ಟ.

“ಆವತ್ತು ಬೆಳಿಗ್ಗೆ ನಾನೇ ಅವನಿಗೆ ಅಂದಿದ್ದೆ ಗ್ವೆನ್. ದಿನಾ ನನ್ನ ಕಣ್ಣೆದುರಿಗೇ ಕೂತಿರ್ತೀಯಲ್ಲೋ, ಎದ್ದು ಎಲ್ಲಾದರೂ ಹೋಗು ಅಂದಿದ್ದೆ. ಹೋದ. ಈಗ ಇಲ್ಲಿಂದಲೂ ನಾನೇ ಕಳಿಸಿದೆ. ಎರಡು ಸಲ ಆಯ್ತು.” ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು. “ವರ್ನಾಗೆ ಮಾತ್ರ ಹೇಳ್ಬೇಡ. ಅವಳು ಏನೂ ಅನ್ನೋದಿಲ್ಲ. ಆದರೆ ಪ್ರತಿ ಸಲ ನಾನು ಒರೆಸೋ ಬಟ್ಟೆ ಕೈಗೆ ತಗೊಂಡಾಗ ನನ್ನ ಕಡೆ ನೋಡ್ತಾಳೆ.”

ದುಃಖದ ಮನೆಯ ಹಾನಿ ಹಾನಿಯಲ್ಲ ಎನ್ನುವ ಮಾತು ನನಗೆ ಗೊತ್ತಿತ್ತು. ಆದರೆ ಪ್ರತಿ ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ದಿನ, ರಿಜಿಸ್ಟರನ್ನು ಊರ ಮುಂದೆ ನಿಂತು ಓದುತ್ತಿದ್ದವಳೂ ನಾನೇ. ‘ಹುಡಾಕ್ ಅವರ ಮನೆಯಲ್ಲಿ ಚಿತ್ರ ತೊಳೆದುಹೋಯಿತು’ ಎಂದು ನಾನು ಓದಬೇಕಿತ್ತು, ಮೊದಲ ಸಾಲಿನಲ್ಲಿ ನೀವಿಬ್ಬರೂ ಕುಳಿತು ಕೇಳಬೇಕಿತ್ತು. ಅದಕ್ಕೆ ನನ್ನ ಹೆಸರು ಬರೆದೆ. ಕೆಲಸವೊಂದು ಹೋಗುತ್ತದೆ ಎಂದುಕೊಂಡಿದ್ದೆ. ಪದ್ಧತಿಯನ್ನೇ ನಿಲ್ಲಿಸುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ನಿಮ್ಮಮ್ಮ ಸತ್ತಾಗ ಬರಲಿಲ್ಲ, ಯಾಕೆಂದರೆ ನಿನ್ನ ಮುಖ ನೋಡಿದ್ದರೆ ಹೇಳಿಬಿಡುತ್ತಿದ್ದೆ.

ರಿಜಿಸ್ಟರನ್ನು ಇದರ ಜೊತೆಗೆ ಕಳಿಸುತ್ತಿದ್ದೇನೆ. ಕೋರ್ಟಿನಲ್ಲಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಅಮ್ಮ ನಿನ್ನವರು.

ಮನೆ ಬಾಡಿಗೆಯದು ಕಣೇ.

ಗ್ವೆನ್

*

ಹ್ಯಾರೋ ಫರ್ನೇಸ್
ಸೆಪ್ಟೆಂಬರ್ 19, 2014

ಗ್ವೆನ್,

ಬೇಸಿಗೆಯಿಡೀ ನಿನಗೆ ಉತ್ತರ ಬರೆಯಲಿಲ್ಲ. ಐದು ಸಲ ಶುರು ಮಾಡಿದೆ. ಊರಿನ ಬಗ್ಗೆ, ಟ್ರಸ್ಟಿಗಳ ಬಗ್ಗೆ ನನಗೆ ಸಲೀಸಾಗಿ ಬರೆಯಲು ಬರುತ್ತದೆ. ಸಿಟ್ಟು ಇದ್ದರೆ ವಾಕ್ಯಗಳು ತಾವಾಗಿ ಬರುತ್ತವೆ. ಇದಕ್ಕೆ ಬರಲಿಲ್ಲ.

ಬುಧವಾರ ವಿಚಾರಣೆ ನಡೆಯಿತು. ನಾನು ಹೇಳಿದೆ. ಅಮ್ಮ ತೊಳೆದದ್ದು, ಸೋಡಾ, ಸಿಂಕು, ಎಲ್ಲ. ಆಂಡಿಗೆ ಅಮ್ಮ ಹೇಳಿದ ಮಾತನ್ನು ಬಿಟ್ಟೆ. ಅದು ಅವರಿಗೆ ಸಂಬಂಧಿಸಿದ್ದಲ್ಲ. ನಿನ್ನ ಕಾಗದ ಕೊಟ್ಟೆ, ರಿಜಿಸ್ಟರು ಕೊಟ್ಟೆ.

ಟ್ರಸ್ಟಿಗಳ ವಕೀಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು. ತುಂಬ ಮರ್ಯಾದೆಯಿಂದ ಒಂದು ಹಳೆಯ ಪತ್ರಿಕೆಯ ತುಂಡನ್ನು ನನ್ನ ಮುಂದೆ ಇಟ್ಟಳು.

“ಟೀಚರ್, ಇದು ನೀವು ಬರೆದಿದ್ದೇ ಅಲ್ವಾ?”

“ಹೌದು.”

“ಕೊನೇ ಸಾಲು ಓದ್ತೀರಾ? ಕಾಣಿಸದಿದ್ರೆ ನಾನೇ ಓದ್ತೀನಿ.”

ನನಗೆ ಕಾಣಿಸುತ್ತಿತ್ತು. ಓದಿದೆ: ‘ಇಂಥ ಕೈಗಳಿಗೆ ನಮ್ಮ ದುಃಖವನ್ನು ಒಪ್ಪಿಸುವುದಕ್ಕಿಂತ ಈ ಪದ್ಧತಿಯೇ ನಿಂತುಹೋಗಲಿ.’

1983ರ ಟ್ರಸ್ಟಿಗಳು ಪದ್ಧತಿಯನ್ನು ನಿಲ್ಲಿಸಿದ ನಿರ್ಣಯದಲ್ಲಿ ಅದೇ ಸಾಲನ್ನು ಎತ್ತಿ ಬರೆದುಕೊಂಡಿದ್ದಾರೆ. ಊರಿನವರ ಅಭಿಪ್ರಾಯ ಎಂದು. ನನಗೆ ಅದು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು, ಅಲ್ಲವೇ? ಅವರ ಎದುರು ನಿಂತಿದ್ದವಳು ನೀನು. ಆದರೂ ಮೇ ತಿಂಗಳ ಕಾಗದದಲ್ಲಿ ಆ ಮಾತನ್ನೇ ಎತ್ತಲಿಲ್ಲ.

ನ್ಯಾಯಾಧೀಶರು ಕೆಟ್ಟವರಲ್ಲ. “ಮಿಸ್ ಹುಡಾಕ್, ಅವತ್ತಿನ ಶಾಯಿ ಒಂದು ಹೇಳುತ್ತೆ, ಇವತ್ತಿನ ನೆನಪು ಇನ್ನೊಂದು ಹೇಳುತ್ತೆ. ಎರಡೂ ಒಬ್ಬರದ್ದೇ. ನಾನು ಶಾಯೀನೇ ನಂಬಬೇಕು” ಎಂದರು. ಮುಗಿಯಿತು. ನನ್ನ ಅಮ್ಮನ ಮರ್ಯಾದೆ ಉಳಿಸಲು ನೀನು ಬರೆದ ಸುಳ್ಳೂ, ಸತ್ಯವೆಂದು ನಂಬಿ ನಾನು ಬರೆದ ಸಾಲೂ ಸೇರಿ ಊರಿನ ಚಿತ್ರಗಳನ್ನು ಮಾರಿದವು. ಟ್ರಸ್ಟಿಗಳು ಬೇರೇನೂ ಮಾಡಬೇಕಾಗಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮಾರ್ಗಿಟ್ ಸಾಬೊ ಸಿಕ್ಕಿದಳು, ನಮ್ಮ ಮೂಲೆಮನೆಯವಳು. ತೊಂಬತ್ತು ದಾಟಿದೆ. ನನ್ನ ತೋಳಿಗೆ ಕೋಲಿನಿಂದ ತಿವಿದು, “ಅಷ್ಟಕ್ಕೇ ನಿಮ್ಮಮ್ಮ ಎಂಟು ವರ್ಷ ತಲೆ ತಗ್ಗಿಸ್ಕೊಂಡು ಓಡಾಡಿದ್ಲಾ? ಪೆದ್ದಿ! ನಮ್ಮತ್ತೆ ಸತ್ತಾಗ ತಂದಿದ್ದನ್ನ ನಾನೂ ತೊಳೆದಿದ್ದೆ. ಕೋವಾಚ್ ಮನೆಯವಳೂ ತೊಳೆದಿದ್ಲು. ಕೊಳೆ ಹಿಡಿದಿದ್ದನ್ನ ಯಾರಾದ್ರೂ ವಾಪಸು ಕೊಡ್ತಾರೇನೇ?” ಎಂದಳು.

ಇಡೀ ಬೀದಿಯೇ ತೊಳೆಯುತ್ತಿತ್ತು, ಗ್ವೆನ್. ಅಮ್ಮನ ಕೈಗೆ ಮಾತ್ರ ಬಣ್ಣ ಬಂತು.

ಕ್ಷಮೆ ಕೇಳುವುದು ಹೇಗೆಂದು ಮೂವತ್ತಾರು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಹೆಸರು ಹಿಡಿದು ಕೂಗಿ, ಏನು ಮಾಡಿದೆನೋ ಅದನ್ನು ಹೇಳಿ, ನೆಪ ಸೇರಿಸಬೇಡಿ ಎನ್ನುತ್ತಿದ್ದೆ. ಗ್ವೆನ್. ನಾನು ಆ ಸಾಲು ಬರೆದೆ.

ವರ್ನಾ

*

ಟೂಸಾನ್
ಅಕ್ಟೋಬರ್ 6, 2014

ವರ್ನಾ,

ಕ್ಯಾರಿಸ್ ಕೈಯಲ್ಲಿ ಬರೆಸುತ್ತಿದ್ದೇನೆ, ಅಕ್ಷರ ನೋಡಿ ಗಾಬರಿಯಾಗಬೇಡ.

ಗೊತ್ತಿತ್ತು. ಆ ಸಾಲು ಚೆನ್ನಾಗಿಯೇ ಇತ್ತು ಬಿಡು, ನೀನು ಯಾವಾಗಲೂ ಚೆನ್ನಾಗಿಯೇ ಬರೆಯುತ್ತಿದ್ದೆ. ಸ್ಕೂಲಿನಲ್ಲಿ ನನ್ನ ಪ್ರಬಂಧಗಳನ್ನೆಲ್ಲ ಬರೆದುಕೊಟ್ಟವಳು ಯಾರು?

ಸಾಬೊ ಅಮ್ಮನ ಮಾತು ಓದಿಸಿಕೊಂಡು ಕೇಳಿ ನಕ್ಕೆ. ನಗು ಕೆಮ್ಮಾಯಿತು. ಕ್ಯಾರಿಸ್ ಬೈದಳು.

ಹೊಳೆ ಈ ವರ್ಷ ಹೆಪ್ಪುಗಟ್ಟಿದರೆ ಬರೆ.

ಗ್ವೆನ್

*

ಹ್ಯಾರೋ ಫರ್ನೇಸ್
ಫೆಬ್ರುವರಿ 26, 2015

ಮಗು ಕ್ಯಾರಿಸ್,

ಜನವರಿ ಹತ್ತೊಂಬತ್ತಕ್ಕೆ ನೀನು ಫೋನು ಮಾಡಿ ನಿಮ್ಮ ದೊಡ್ಡಮ್ಮ ಹೋದಳೆಂದು ಹೇಳಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. ಹೊಳೆ ಹಿಂದಿನ ದಿನವಷ್ಟೇ ಹೆಪ್ಪುಗಟ್ಟಿತ್ತು. ಕಾಗದ ಬರೆದು ಮೇಜಿನ ಮೇಲೆ ಇಟ್ಟಿದ್ದೆ.

ಇಲ್ಲಿ ಎಲ್ಲ ಮುಗಿಯಿತು. ‘ಮಧ್ಯಾಹ್ನದ ಪಾಳಿ’ಯನ್ನು ಕ್ರಿಸ್‌ಮಸ್ಸಿಗೆ ಮುಂಚೆಯೇ ಒಯ್ದರು. ಅದಕ್ಕೆ ಮಾಡಿಸಿದ ಪೆಟ್ಟಿಗೆ ಬಾಗಿಲಿಗಿಂತ ದೊಡ್ಡದಾದ್ದರಿಂದ ಕಿಟಕಿ ಬಿಚ್ಚಿ ಇಳಿಸಿದರು. ನಾವು ಏಳೆಂಟು ಜನ ಮುದುಕರು ರಸ್ತೆಯಲ್ಲಿ ನಿಂತು ನೋಡಿದೆವು. ಯಾರೋ ಟೋಪಿ ತೆಗೆದರು. ಜನವರಿಯಲ್ಲಿ ಹರಾಜಿನವರು ಬಂದು ಉಳಿದವನ್ನು ಆರಿಸಿಕೊಂಡರು. ‘ಹೆಪ್ಪುಗಟ್ಟಿದ ಹೊಳೆ’ಯನ್ನು ಎತ್ತಿ ನೋಡಿ, ‘ಇದರಲ್ಲಿ ಏನೂ ಇಲ್ಲವಲ್ಲ’ ಎಂದು ಪಕ್ಕಕ್ಕಿಟ್ಟರಂತೆ.

ನೀನು ಫೋನು ಮಾಡಿದ ದಿನವೇ ಸಂಜೆ ಓಟಿಸ್‌ನ ಮಗಳು ಲೆನೋರಾ ಬಾಗಿಲು ತಟ್ಟಿದಳು. ಮ್ಯೂಸಿಯಂನ ಕೊನೆಯ ಕಾವಲುಗಾರ್ತಿ ಅವಳೇ. ಕಂಬಳಿಯಲ್ಲಿ ಸುತ್ತಿದ್ದನ್ನು ನನ್ನ ಕೈಗಿಟ್ಟಳು. “ಟೀಚರ್, ಇದರ ಮೇಲೆ ಕಸಕ್ಕೆ ಅಂತ ಚೀಟಿ ಹಚ್ಚಿದ್ರು. ನಂಗೆ ಓದಕ್ಕೆ ಬರಲ್ಲ ಅಂದ್ಬಿಟ್ಟೆ.” ನನ್ನ ಕ್ಲಾಸಿನಲ್ಲಿ ಅವಳು ಪ್ರತಿ ವರ್ಷ ಮೊದಲು ಬರುತ್ತಿದ್ದವಳು. ನಿಮ್ಮ ದೊಡ್ಡಮ್ಮನ ಸುದ್ದಿ ಹೇಳಿದೆ. ಕೋಟಿನ ಜೇಬಿನಿಂದ ಬಿಳಿ ಕೈಗವಸು ತೆಗೆದು ಹಾಕಿಕೊಂಡಳು. ಅಪ್ಪನದ್ದಂತೆ. ಅಮ್ಮನ ಮೊಳೆಗೇ ಅದನ್ನು ತೂಗುಹಾಕಿದಳು. ಯಾವುದು ಬೇಕೆಂದು ಕೇಳುವ ಅಗತ್ಯ ಇರಲಿಲ್ಲ, ಉಳಿದದ್ದು ಅದೊಂದೇ.

ನಾಳೆ ನಲವತ್ತನೆಯ ದಿನ. ವಾಪಸು ಕೊಡಬೇಕು. ಕೊಡಲು ಯಾರೂ ಇಲ್ಲ.

ಆದ್ದರಿಂದ ನಿನಗೆ ಕಳಿಸುತ್ತಿದ್ದೇನೆ. ಲೆನೋರಾ ಪೆಟ್ಟಿಗೆ ಮಾಡಿಕೊಟ್ಟಿದ್ದಾಳೆ. ಊಟದ ಮೇಜಿನ ಎದುರಿಗೆ ಹಾಕು. ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಗೋಡೆಯಿದ್ದರೆ ಇನ್ನೂ ಒಳ್ಳೆಯದು. ಆ ಬೆಳಕಿನಲ್ಲಿ, ಮನುಷ್ಯ ಇದ್ದ ಜಾಗದಲ್ಲಿ, ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಕಿಟಕಿಯ ಗಾಜು ಉಜ್ಜುವ ಹಾಗೆ ಗುಂಡಗೆ, ಎಡದಿಂದ ಬಲಕ್ಕೆ. ಅದು ನನ್ನ ಅಮ್ಮನ ಕೈ. ಇಷ್ಟು ದಿನವೂ ಅದನ್ನೇ ನೋಡಿದೆ.

ನಿಮ್ಮೂರಿನ ಹೊಳೆ ಬರೀ ಮರಳು ಎಂದು ಗ್ವೆನ್ ಒಮ್ಮೆ ಬರೆದಿದ್ದಳು, ಧೂಳೂ ಹೆಚ್ಚಿರಬೇಕು. ಇವತ್ತು ಬೆಳಿಗ್ಗೆ ಸುತ್ತಿಡುವ ಮುಂಚೆ ನಾನೂ ಒಂದು ಬಟ್ಟೆ ಒದ್ದೆ ಮಾಡಿಕೊಂಡಿದ್ದೆ. ಕೈ ಅಲ್ಲಿಯವರೆಗೂ ಹೋಗಿತ್ತು.

ಧೂಳು ಕೂತರೆ ಕೂರಲಿ. ಒರೆಸಬೇಡ.

ವರ್ನಾ ಹುಡಾಕ್